ಬಂದರು ರಸ್ತೆಯ ಅಕ್ಕನೂ ಕಲ್ಲಿನ ಲಾರಿಗಳೂ

ಬಂದರು ರಸ್ತೆಯಲ್ಲಿ ಚಾ ಅಂಗಡಿ ಇಟ್ಟವನಿಗೆ ನಗುವಿಗೆ ಬರ ಇಲ್ಲ. ನಗಬಾರದ ಹೊತ್ತಲ್ಲೂ ಏನಾದರೊಂದು ನಡೆದೇ ನಡೆಯುತ್ತದೆ. ಬಂದರಿನ ಕಾಮಗಾರಿಗೆ ಕಲ್ಲು ಹೊತ್ತ ಭಾರೀ ಲಾರಿಗಳು ನಮ್ಮ ಸಪೂರ ರಸ್ತೆಗೆ ನುಗ್ಗಿ, ಎದುರುಮನೆಯ ಮೀನು ಮಾರುವ ಅಕ್ಕನ ಗೋಡೆ ಬಿರುಕು ಬಿಟ್ಟಾಗಲೂ ಹಾಗೇ ಆಯಿತು. ಆ ಗೋಡೆ ಇನ್ನೊಂದು ಮಳೆಗಾಲ ನಿಲ್ಲುವಂತಿರಲಿಲ್ಲ.

ಅರ್ಧ ಗ್ಲಾಸ್ ಚಾ

ದೂರು ಕೊಟ್ಟ ಮೇಲೆ ಒಬ್ಬ ಅಧಿಕಾರಿ ಬಂದರು. "ಇದು ಹಳೇ ಬಿರುಕಮ್ಮ, ಲಾರಿಯಿಂದ ಆದದ್ದಲ್ಲ" ಎಂದರು. ಅಕ್ಕ ವಾದಕ್ಕಿಳಿಯದೆ ನನ್ನಿಂದ ಚಾ ತರಿಸಿದರು. ಲಾರಿ ಶುರುವಾದ ಮೇಲೆ ನಮ್ಮಲ್ಲಿ ಗ್ಲಾಸಿಗೆ ಅರ್ಧವೇ ಚಾ ಹಾಕುವುದು ರೂಢಿ. "ಸಾಹೇಬ್ರಿಗೆ ತುಂಬ ಹಾಕಿ" ಎಂದರು ಅಕ್ಕ. ಗ್ಲಾಸು ಸ್ಟೂಲಿನ ಮೇಲಿತ್ತು. ಲಾರಿ ಬಂತು, ನೆಲ ಅದುರಿತು. ಚಾ ಎಲ್ಲ ಸಾಹೇಬರ ಬಿಳಿ ಪ್ಯಾಂಟಿಗೆ. ಅಕ್ಕ ಬಟ್ಟೆ ಕೊಡುತ್ತಾ ಕೇಳಿದರು: "ಇದೂ ಹಳೇ ಕಲೆಯಾ ಸಾರ್?"

ಮೊದಲ ಬೇಟೆ

ಸಾಹೇಬರು ಹೋದರು, ಲಾರಿ ನಿಲ್ಲಲಿಲ್ಲ. ಊರವರೇ ರಸ್ತೆಗಿಳಿದು, ಬಂದ ಮೊದಲ ಲಾರಿಯನ್ನು ಘೋಷಣೆ ಕೂಗಿ ಅಡ್ಡಗಟ್ಟಿದೆವು. ಸ್ವಲ್ಪ ಹೊತ್ತಿಗೆ ಅದರಡಿ ನೀರು ತೊಟ್ಟಿಕ್ಕತೊಡಗಿತು. ನೋಡಿದರೆ ನಮ್ಮದೇ ದೋಣಿಗಳಿಗೆ ಬಂದ ಐಸ್! ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ ದೋಣಿ ಮಾಲೀಕರೇ ಈಗ, "ಹ್ವಾಯ್, ಘೋಷಣೆ ಕಡೆಗ್ ಕೂಗುವ, ಮೊದ್ಲ್ ದಾರಿ ಬಿಡಿ!" ಎಂದು ಲಾರಿಯನ್ನು ಹಿಂದಿನಿಂದ ತಳ್ಳುತ್ತಿದ್ದರು.

ಅಕ್ಕನ ಊಟ

ಮಧ್ಯಾಹ್ನ ನಿಜವಾದ ಕಲ್ಲಿನ ಲಾರಿ ಸಿಕ್ಕಿತು. ಡ್ರೈವರ್ ಹುಬ್ಬಳ್ಳಿ ಕಡೆಯವನು. ನಾವು ಬೈಯುತ್ತಿದ್ದರೆ ಅಕ್ಕ, "ಜಗ್ಳ ಲಾರಿ ಮೇಲೆ, ಹೊಟ್ಟಿ ಮೇಲಲ್ಲ. ಉಣ್ದೆ ಹೋಪುಕಾಗ" ಎಂದು ಅವನನ್ನು ಒಳಗೆ ಕರೆದು ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಬಡಿಸಿದರು.

ಮರುದಿನ ಊಟದ ಹೊತ್ತಿಗೆ ಮೂರು ಲಾರಿಗಳು ತಾವಾಗಿಯೇ ಬಂದು ನಿಂತವು. "ಇವತ್ತ ಅಡ್ಡಗಟ್ಟೂದಿಲ್ಲೇನ್ರಿ?" ಎಂದು ಹುಬ್ಬಳ್ಳಿಯವನೇ ಕೇಳಿದ.

"ಊಟ ಬೇಕಾರೆ ಲಾರಿ ಹೈವೇಲ್ ಬಿಟ್ಟಿಕ್ ನಡ್ಕಂಡ್ ಬನಿ" ಎಂದರು ಅಕ್ಕ. ಮೂವರೂ ಲಾರಿ ತಿರುಗಿಸಿಕೊಂಡು ಹೋದರು, ನಡೆದುಕೊಂಡು ಬಂದರು. ಕಾಮಗಾರಿಯ ಗುತ್ತಿಗೆದಾರರು ಫೋನಿನಲ್ಲಿ ಕಿರುಚಿದರೆ ಹುಬ್ಬಳ್ಳಿಯವನು, "ಉಂಡ ಮನಿ ಗ್ವಾಡಿ ಕೆಡವಾಕ ನನ್ನ ಕೈಲೆ ಆಗೂದಿಲ್ರಿ ಸಾಹೇಬ್ರ" ಎಂದ. ನನಗೆ ಕಣ್ಣು ತುಂಬಿ ಬಂತು.

ಕಡೆಗೆ ಗುತ್ತಿಗೆದಾರರೇ ಕಾರಿನಲ್ಲಿ ಧಾವಿಸಿದರು. ಅಕ್ಕ ನಗುತ್ತಾ, "ಬನಿ, ಕೈಕಾಲ್ ತೊಳ್ಕಣಿ, ಉಂಬುಕ್ ಕೂಕಣಿ" ಎಂದದ್ದೇ ತಡ, ಅವರು ಎರಡು ಹೆಜ್ಜೆ ಹಿಂದೆ ಸರಿದರು.

"ಬೇಡಮ್ಮ, ನೀರೂ ಬೇಡ! ನಾಳೆಯಿಂದ ಸಣ್ಣ ಲಾರಿ ಕಳಿಸುತ್ತೇನೆ!"

ಕಾರು ಧೂಳೆಬ್ಬಿಸಿ ಓಡಿತು. ಅಕ್ಕ ಸೌಟು ಹಿಡಿದು ನಿಂತವರು ನಿಜವಾಗಿಯೂ ಮರುಗಿದರು: "ಪಾಪ, ಹಸ್ಕಂಡೇ ಹ್ವಾದ್ರ್ ಕಾಣಿ!"