ಗ್ರೀಕರ ದುರಂತಕ್ಕೆ ನಮ್ಮವರ ಒನ್ಸ್ ಮೋರ್

ಗಣಿಗಳಲ್ಲಿ ಕಲ್ಲು ಪರೀಕ್ಷೆ ಮಾಡೋದು ನನ್ನ ಹೊಟ್ಟೆಪಾಡು, ನಾಟಕ ಆಡಿಸೋದು ಹುಚ್ಚು. ಕೆಲಸ ಬದಲಾಗಿ ಆಸ್ಟ್ರೇಲಿಯಾದ ಯಾವ ಊರಿಗೆ ಹೋದರೂ ಅಲ್ಲಿನ ಕನ್ನಡದವರನ್ನ ಹಿಡಿದು ಗ್ರೀಕರ ಮಾದರಿಯ ದುರಂತ ನಾಟಕ ಆಡಿಸ್ತೀನಿ. ಏನಾದರೊಂದು ಎಡವಟ್ಟು ಆಗೇ ಆಗುತ್ತೆ. ದುರಂತ ನೋಡಿದವರಿಗೆ ಮರುಕ ಹುಟ್ಟಬೇಕು, ಭಯ ಹುಟ್ಟಬೇಕು, ಕೊನೆಗೆ ಮನಸ್ಸು ಹಗುರಾಗಬೇಕು ಅಂತ ಹಳೇ ಗ್ರೀಕ್ ಪಂಡಿತರ ಮಾತು. ಒಂದೇ ಒಂದು ಸಲ ನನ್ನ ನಾಟಕ ನೋಡಿ ಜನ ಅಳಬೇಕು, ಅಷ್ಟೇ ನನ್ನಾಸೆ.

ಪರ್ತ್: ದೂತ ಬಂದ

ಗ್ರೀಕರು ಸಾವನ್ನ ರಂಗದ ಮೇಲೆ ತೋರಿಸ್ತಿದ್ದದ್ದು ಕಡಿಮೆ. ದೂತ ಬಂದು ಸುದ್ದಿ ಹೇಳೋದು. ನಾನು ದೂತನ ಪಾತ್ರಕ್ಕೆ ನಮ್ಮ ಗಣಿಯ ಸೇಫ್ಟಿ ಆಫೀಸರನ್ನ ಹಾಕಿದೆ, ಒಳ್ಳೇ ಕಂಚಿನ ಕಂಠ. ಪಾಪ, ಅವತ್ತು ಬೆಳಿಗ್ಗೆಯಷ್ಟೇ ಗಣಿಯಿಂದ ವಿಮಾನದಲ್ಲಿ ಬಂದಿಳಿದಿದ್ದ. "ಮಹಾರಾಣಿ, ಮಹಾರಾಜರು ರಥದಿಂದ ಬಿದ್ದು ತೀರಿಕೊಂಡರು" ಅಂದವನಿಗೆ ಮುಂದಿನ ಮಾತು ಮರೆತೇಹೋಯ್ತು. ಬಾಯಿಗೆ ಬಂದದ್ದು ಅಭ್ಯಾಸದ ಮಾತು.

"ಹೆಲ್ಮೆಟ್ ಹಾಕಿರಲಿಲ್ಲ. ಜಾಗಕ್ಕೆ ಬ್ಯಾರಿಕೇಡ್ ಹಾಕಿದ್ದೀವಿ. ಸಾರಥಿಗೆ ಆಲ್ಕೋಹಾಲ್ ಟೆಸ್ಟ್ ಆಗಿದೆ, ನೆಗೆಟಿವ್."

ಗಂಡನನ್ನ ಕಳಕೊಂಡ ರಾಣಿ ಸೆರಗಲ್ಲಿ ಮುಖ ಮುಚ್ಚಿ ನಕ್ಕಿದ್ದು ಹಿಂದಿನ ಸಾಲಿಗೂ ಕೇಳಿಸ್ತು.

ಬ್ರಿಸ್ಬೇನ್: ಆದಿ, ಮಧ್ಯ, ಊಟ

ದೂತನ ಸಹವಾಸವೇ ಬೇಡಪ್ಪಾ ಅಂತ ಸಾವನ್ನ ರಂಗಕ್ಕೇ ತಂದೆ. ನಾರ್ತ್ ಲೇಕ್ಸ್ ಬಡಾವಣೆಯಲ್ಲಿ ಕನ್ನಡ ಸಂಘದ ಯುಗಾದಿ. "ಹಬ್ಬದ ದಿನ ಹೆಣ ಬೀಳಿಸ್ತೀರಾ?" ಅಂತ ಕಮಿಟಿ ಆಂಟಿ ರೇಗಿದರು. ಕಥೆ ಅಂದಮೇಲೆ ಆದಿ, ಮಧ್ಯ, ಅಂತ್ಯ ಮೂರೂ ಇರಬೇಕು ಅಂತ ಗ್ರೀಕರ ನಿಯಮ ಹೇಳಿ ಕೈಕಾಲು ಹಿಡಿದೆ. "ಸರಿ, ಊಟದ ಹೊತ್ತಿಗೆ ಸಾಯಿಸಿ ಮುಗಿಸಿ" ಅಂದರು.

ಮಧ್ಯ ಮುಗಿಯೋ ಹೊತ್ತಿಗೇ ಬಿಸಿಬೇಳೆಬಾತ್ ಬಂತು ನೋಡಿ, ಹಾಲ್ ಖಾಲಿ! ಇರಲಿ, ರಾಜ ವಿಷ ಕುಡೀಲಿ ಅಂತ ರಂಗದ ಕಡೆ ತಿರುಗಿದರೆ ಅಲ್ಲೂ ಯಾರಿಲ್ಲ. ಕಿರೀಟ ಹಾಕಿಕೊಂಡೇ ಕ್ಯೂನಲ್ಲಿ ನಿಂತಿದ್ದಾನೆ. "ಅಂಕಲ್, ಬಾತ್ ಆರಿಹೋಗುತ್ತೆ. ವಿಷ ಆಮೇಲೆ ಕುಡೀತೀನಿ."

ಅಡಿಲೇಡ್: ಗುರುತು ಸಿಕ್ಕ ಗಳಿಗೆ

"ಇಲ್ಲೂ ಯಾರೂ ಅಳಲಿಲ್ಲ ಅಂದ್ರೆ ನಾಟಕ ಬಿಟ್ಟು ಹಿತ್ತಲಲ್ಲಿ ಟೊಮೇಟೊ ಹಾಕಿ" ಅಂತ ನನ್ನ ಹೆಂಡತಿ ಖಡಾಖಂಡಿತವಾಗಿ ಹೇಳಿಬಿಟ್ಟಳು.

ಅಪರಿಚಿತರನ್ನ ತಮ್ಮವರು ಅಂತ ಗುರುತಿಸೋ ಗಳಿಗೆ ಗ್ರೀಕರಿಗೆ ಬಲು ಪ್ರಿಯ. ನನ್ನ ಕಥೆಯಲ್ಲಿ ರಾಣಿ ಒಬ್ಬಳು ಸೆರೆಯಾಳಿಗೆ ವಿಷ ಕೊಡಿಸ್ತಾಳೆ, ಆಮೇಲೆ ಅವಳು ತನ್ನ ಮಗಳೇ ಅಂತ ಗೊತ್ತಾಗುತ್ತೆ. ರಾಣಿ ಪಾತ್ರಕ್ಕೆ ಮಾಸನ್ ಲೇಕ್ಸ್ ಬಡಾವಣೆಯ ಒಬ್ಬ ಹೆಂಗಸು, ಮಗಳಾಗಿ ಅವರ ಸ್ವಂತ ಮಗಳು. ಅಲ್ಲೇ ಹುಟ್ಟಿದ ಹುಡುಗಿ. ಅಮ್ಮ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಲ್ಲೇ ಉತ್ತರ. ತನ್ನ ಪಾತ್ರದ ಮಾತನ್ನ ಅಮ್ಮನಿಗೂ ಕೇಳಿಸದ ಹಾಗೆ ಕದ್ದು ಕಲಿತಿದ್ದಳು. ರಿಹರ್ಸಲ್‌ನಲ್ಲಿ ಬರೀ ತುಟಿ ಆಡಿಸ್ತಿದ್ದಳು.

ನಾಟಕದ ದಿನ ವಿಷ ಕುಡಿದು ತೂರಾಡ್ತಾ ಬಂದಳು. "ಅಮ್ಮಾ, ನಾನು ನಿನ್ನ ಮಗಳು. ನಿನ್ನ ಮಾತೆಲ್ಲ ನನಗೆ ಅರ್ಥವಾಗ್ತಿತ್ತು ಕಣಮ್ಮಾ" ಅಂತ ಅಚ್ಚಕನ್ನಡದಲ್ಲಿ ಹೇಳಿ ಬಿದ್ದಳು.

ರಾಣಿ ಪಾತ್ರ ಮರೆತು ಗೊಳೋ ಅಂತ ಅತ್ತರು. ಎದುರಿಗಿದ್ದ ಅಪ್ಪ ಅಮ್ಮಂದಿರೆಲ್ಲ ಅತ್ತರು. ನಾನೂ ಅತ್ತೆ. ಅಬ್ಬಾ, ಗೆದ್ದೆ, ಮನಸ್ಸು ಎಷ್ಟು ಹಗುರಾಯ್ತು ಅಂತೀರಿ!

ಅಷ್ಟರಲ್ಲಿ ಯಾರೋ "ಒನ್ಸ್ ಮೋರ್!" ಅಂದರು. ಸತ್ತವಳು ಎದ್ದಳು, ಹೇಳಿದಳು, ಸತ್ತಳು. ಮತ್ತೆ ಒನ್ಸ್ ಮೋರ್. ಮತ್ತೆ ಎದ್ದಳು, ಮತ್ತೆ ಸತ್ತಳು. ಮತ್ತೂ ಕೂಗಿದಾಗ ಮಲಗಿದ್ದಲ್ಲೇ ತಲೆ ಎತ್ತಿ, "ಮಮ್, ಕ್ಯಾನ್ ಐ ಪ್ಲೀಸ್ ಜಸ್ಟ್ ಡೈ ನೌ?" ಅಂದಳು.

ರಾಣಿ ಮೂಗು ಒರೆಸಿಕೊಂಡು, "ಅದನ್ನೂ ಕನ್ನಡದಲ್ಲೇ ಹೇಳು ಪುಟ್ಟಾ, ಆಮೇಲೆ ಸಾಯುವೆಯಂತೆ!"