ಏಳು ಎಂದದ್ದು

ನನಗೆ ನಶ್ಯದ ಚಟವಿಲ್ಲ, ಇಸ್ಪೀಟು ಮುಟ್ಟಿದವನಲ್ಲ. ನನ್ನ ಚಟ ಒಂದು ಲಕ್ಷದ ನಲವತ್ತೆರಡು ಸಾವಿರದ ಎಂಟುನೂರ ಐವತ್ತೇಳು. ರಾವಂದೂರಿನ ಶಾಲೆಯಲ್ಲಿ, ಮಹಾರಾಜರ ಪಟದ ಕೆಳಗಿನ ಕಪ್ಪು ಹಲಗೆಯ ಮೇಲೆ ಇದನ್ನು ಬರೆದು ಅಳಿಸಿ ಎಷ್ಟು ಸೀಮೆಸುಣ್ಣ ಸವೆಸಿದ್ದೇನೆಂದು ಮೇಲಿನವರಿಗೆ ಗೊತ್ತಾದರೆ ನನ್ನ ಮೇಷ್ಟರಗಿರಿ ಹೋದೀತು. ಆದರೆ ಅದರ ಗುಣ ನೋಡಿ. 142857 ಅನ್ನು ಎರಡರಿಂದ ಗುಣಿಸಿದರೆ 285714, ಮೂರರಿಂದ ಗುಣಿಸಿದರೆ 428571. ಆರರವರೆಗೂ ಹೀಗೆಯೇ. ಅವೇ ಆರು ಅಂಕಿಗಳು ಪಂಕ್ತಿಯಲ್ಲಿ ಸರಿದು ಕೂತ ನೆಂಟರ ಹಾಗೆ ಸಾಲು ತಪ್ಪದೆ ಕೂರುತ್ತವೆ. ಏಳರಿಂದ ಗುಣಿಸಿದರೆ ಮಾತ್ರ ಆರೂ ಮಂದಿ ಎದ್ದುಹೋಗಿ ಮನೆ ತುಂಬ ಬರೀ ಒಂಬತ್ತು.

ಒಂದು ಭಾನುವಾರ ಮಧ್ಯಾಹ್ನ ಜಗಲಿಯ ಮೇಲೆ ಸ್ಲೇಟು ಹಿಡಿದು ಇದೇ ಗುಣಾಕಾರದಲ್ಲಿ ಮುಳುಗಿದ್ದೆ. ನನ್ನ ಹೆಂಡತಿ ತಾಯಮ್ಮ ಬಂದು ಪಕ್ಕದಲ್ಲಿ ಕೂತಳು. ‘ಏನೂಂದ್ರೆ, ನಾನು ಹಂಪಾಪುರದಲ್ಲಿ ಅಪ್ಪನ ಮನೇಲಿ ನಾಕ್ ದಿನ ಇದ್ ಬಂದ್ರೆ ನಿಮ್ಗೆ ಬ್ಯಾಸ್ರ ಆಯ್ತದಾ?’ ಎಂದಳು. ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಸ್ಲೇಟಿನಿಂದ ಕಣ್ಣೆತ್ತದೆ ‘ಏಳು’ ಎಂದೆ. ಅವಳು ಎದ್ದಳು. ನಾನು ಒಂಬತ್ತುಗಳನ್ನು ಬರೆದು ಮುಗಿಸಿ ನೋಡುವಾಗ ಕರೆಯಲು ಬಂದಿದ್ದ ಅವಳ ಅಣ್ಣನ ಗಾಡಿ ಅವಳನ್ನು ಕೂರಿಸಿಕೊಂಡು ಕೆರೆ ಏರಿ ದಾಟಿತ್ತು.

ನಾಲ್ಕು ದಿನ ನಾಲ್ಕು ತಿಂಗಳಾಯಿತು. ಮುದ್ದೆ ತೊಳಸಲು ಹೋಗಿ ಬರೀ ಗಂಟು ತಿಂದೆ. ಅಡಿಗೆಮನೆ, ಹಿತ್ತಿಲು, ಜಗಲಿ, ಮತ್ತೆ ಅಡಿಗೆಮನೆ ಎಂದು ನನ್ನ ಸಂಖ್ಯೆಯ ಹಾಗೆ ನಾನೂ ಸುತ್ತುತ್ತಿದ್ದೆ. ಸಂಜೆ ಶಾಲೆಯಿಂದ ಬಂದಾಗ ‘ಬಂದ್ರಾ?’ ಎನ್ನುವವರಿಲ್ಲದೆ, ಮನೆಗೆ ಬಂದೆನೆಂದು ನನಗೇ ನಂಬಿಕೆಯಾಗುತ್ತಿರಲಿಲ್ಲ. ಅವಳು ಬೇಕೆನಿಸುತ್ತಿತ್ತು, ಅಷ್ಟೆ. ನಾನು ಹೇಳಿದ್ದು ಎದ್ದುಹೋಗು ಎಂದಲ್ಲ, ಅದು ಆರಾದ ಮೇಲೆ ಬರುವ ಅಂಕಿ ಎಂದು ಮೂರು ಕಾರ್ಡು ಬರೆದೆ. ಓದು ಬಾರದವಳಲ್ಲ, ಅಕ್ಷರ ಕಲಿಸಿದವನೇ ನಾನು. ಉತ್ತರ ಮಾತ್ರ ಬರಲಿಲ್ಲ.

ಸಂಕ್ರಾಂತಿ ರಜೆಗೆ ನಾನೇ ಹೋದೆ. ಕಣದಲ್ಲಿ ಮಾವನವರು ರಾಗಿ ಅಳೆಯುತ್ತಿದ್ದರು. ತಾಯಮ್ಮ ಚೀಲದ ಬಾಯಿ ಹಿಡಿದು ಕೂತಿದ್ದಳು. ರಾಶಿಯ ಮುಂದೆ ಒಂದು ಎನ್ನುವ ಪದ್ಧತಿಯಿಲ್ಲವಲ್ಲ, ‘ಲಾಭ’ ಎಂದು ಮೊದಲ ಕೊಳಗ ಸುರಿದರು. ಎರಡು, ಮೂರು ಎನ್ನುತ್ತ ‘ಏಳು’ ಎಂದರು. ತಾಯಮ್ಮ ಅಲುಗಲಿಲ್ಲ. ಚಿಕ್ಕಂದಿನಿಂದ ರಾಶಿಯ ಪಕ್ಕ ಕೂತು ಏಳು ಕೇಳಿದವಳು ಒಂದು ಸಲವೂ ಎದ್ದಿರಲಾರಳು ಎಂದು ನನಗೆ ಹೊಳೆದದ್ದು ಆಗ.

ನನ್ನ ಮುಖ ನೋಡಿ ಅವಳಿಗೆ ಅರ್ಥವಾಯಿತು. ‘ಲೆಕ್ಕ ಅಂತ ನಂಗೆ ಅವತ್ತೇ ಗೊತ್ತಿತ್ತು ಕಣ್ರೀ. ಅದ್ಕೇ ಎದ್ದಿದ್ದು. ಎದ್ದೋಗು ಅಂತ ಬೈದಿದ್ರೆ ಜಗಳ ಆಡ್ಕಂಡು ಅಲ್ಲೇ ಕೂತಿರ್ತಿದ್ದೆ’ ಎಂದಳು.

‘ಬ್ಯಾಸ್ರ ಆಯ್ತು ಕಣೇ’ ಎಂದೆ, ಮಾವನವರಿಗೆ ಕೇಳದ ಹಾಗೆ.

‘ಎಷ್ಟು?’

‘ಒಂದು ಲಕ್ಷದ’ ಎಂದು ಹೊರಟ ನಾಲಿಗೆಯನ್ನು ಕಚ್ಚಿಕೊಂಡು, ‘ಲೆಕ್ಕಕ್ಕೆ ಸಿಗ್ನಿಲ್ಲ’ ಎಂದೆ. ಅವಳು ಚೀಲದ ಇನ್ನೊಂದು ಅಂಚನ್ನು ನನ್ನ ಕೈಗೆ ಕೊಟ್ಟಳು. ಮಾವನವರು ‘ಎಂಟು’ ಎಂದರು. ಏಳೆಂಟ್ಲ ಐವತ್ತಾರು ಎಂದು ನಾನು ಒಳಗೊಳಗೇ ಅಂದುಕೊಂಡದ್ದನ್ನು ಅವಳಿಗೆ ಇವತ್ತಿನವರೆಗೂ ಹೇಳಿಲ್ಲ.