ರೊಟ್ಟಿ ಸಂಘದ ಇಂಗ್ಲಿಷ್ ಭಜನೆ

ಇಪ್ಪತ್ತೆರಡು ವರ್ಷದಿಂದ ನಾನು ಇಂಗ್ಲಿಷ್ ಮಾಸ್ತರ. ಹಳಿಯಾಳದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಮೂರು ತರಗತಿಗಳಿಗೆ ಆಂಗ್ಲಭಾಷಾಮೃತವನ್ನು ಉಣಬಡಿಸುತ್ತಾ ಬಂದಿದ್ದೇನೆ. ಮಕ್ಕಳು ಉಂಡರೋ ಉಗುಳಿದರೋ ಅದು ಬೇರೆ ಮಾತು. ಊರಲ್ಲಿ ಶೇಖಪ್ಪ ಸರ್ ಎಂದರೆ ಬ್ಯಾಂಕಿನ ಅರ್ಜಿ ಹಿಡಿದುಕೊಂಡು ಬರುವವರಿದ್ದಾರೆ, ಔಷಧದ ಬಾಟಲಿ ತಂದು ಓದಿಸಿಕೊಳ್ಳುವವರಿದ್ದಾರೆ. ನನ್ನ ಮಾತನ್ನು ಕಿವಿಗೆ ಹಾಕಿಕೊಳ್ಳದವರು ಇಡೀ ಹಳಿಯಾಳದಲ್ಲಿ ಒಬ್ಬರೇ. ಅವರು ನಮ್ಮ ಮನೆಯಲ್ಲೇ ಇದ್ದಾರೆ. ಹೆಸರು ದ್ರಾಕ್ಷಾಯಣಿ.

ಇಂಥ ದ್ರಾಕ್ಷಾಯಣಿ ಒಂದು ಸಂಜೆ ಚಹಾದ ಜೊತೆ ಎರಡು ಬಿಸ್ಕೀಟನ್ನೂ ತಂದಿಟ್ಟಾಗ ನನ್ನ ಎದೆ ಧಸಕ್ಕೆಂದಿತು. (ಕೇಳದೆ ಬಿಸ್ಕೀಟು ಬಂತೆಂದರೆ ಹಿಂದೆಯೇ ಏನೋ ಕೆಲಸ ಬರುತ್ತಿದೆ ಎಂದು ಅರ್ಥ.)

"ಏನ್ರೀ, ನಮಗ ಇಂಗ್ಲಿಷ್ ಮಾತಾಡೂದು ಕಲಸ್ರಿ," ಎಂದಳು.

"ನಮಗ ಅಂದ್ರ ಯಾರಿಗೆ?"

"ನನಗ, ಮಾಲವ್ವಗ, ಕಾಶೆವ್ವಕ್ಕಗ. ಇಪ್ಪತ್ತು ದಿನದಾಗ."

"ಇಪ್ಪತ್ತು ದಿನ! ಅಲ್ಲೇ, ಇಪ್ಪತ್ತೆರಡು ವರ್ಷದಾಗ ನಮ್ಮ ಸಾಲಿ ಹುಡುಗರಿಗೆ ಬಂದಿಲ್ಲ, ನಿಮಗ..."

"ಅದು ಹುಡುಗರ ತಪ್ಪೋ ಯಾರ ತಪ್ಪೋ, ಅದನ್ನ ಆಮ್ಯಾಲೆ ನೋಡೂಣು. ಬಿಸ್ಕೀಟ ತಿನ್ರಿ."

ವಿಷಯ ಇಷ್ಟು. ನಮ್ಮ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಈ ಮೂವರು ಹೆಂಗಸರು ಹತ್ತು ವರ್ಷದಿಂದ ಖಡಕ್ ರೊಟ್ಟಿ ಬಡಿಯುತ್ತಾರೆ. ರೊಟ್ಟಿಗಳು ದಾಂಡೇಲಿಯ ಅಂಗಡಿಗಳಿಗೆ ಹೋಗುತ್ತವೆ, ಪ್ಯಾಕೆಟ್ಟಿನ ಮೇಲೆ ಬೇರೆ ಯಾರದೋ ಹೆಸರು ಹೊತ್ತುಕೊಂಡು. ಈಗ ದಾಂಡೇಲಿ ದಾರಿಯ ಕಾಡಿನೊಳಗಿನ ಒಂದು ರಿಸಾರ್ಟಿನವರು, ಶನಿವಾರ ಭಾನುವಾರ ಪ್ರವಾಸಿಗಳ ಕಣ್ಣೆದುರೇ ಒಲೆ ಹೂಡಿ ರೊಟ್ಟಿ ಬಡಿದು ಬಡಿಸುವವರು ಬೇಕು ಎಂದಿದ್ದರು. ಮ್ಯಾನೇಜರ್ ಕಿರಣಕುಮಾರ ರೊಟ್ಟಿ ತಿಂದು ತಲೆದೂಗಿದ್ದ. ಆದರೆ ಒಂದು ಷರತ್ತು. ಬಂದವರು ಏನಾದರೂ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಹೇಳಬೇಕು. ಮಾಲೀಕರ ಕಡೆಯ ಮೇಡಂ ಒಬ್ಬರು ಗೋವಾದಿಂದ ಬಂದು ಪರೀಕ್ಷೆ ಮಾಡುತ್ತಾರೆ. ಆಗಲಿಲ್ಲವೆಂದರೆ ಹುಬ್ಬಳ್ಳಿಯಿಂದ ಟೊಪ್ಪಿಗೆ ಹಾಕಿದ ಅಡುಗೆಯವನನ್ನು ತರಿಸುತ್ತಾರೆ.

"ಹೋದ್ರ ಹೋತು ಬಿಡ," ಎಂದೆ ನಾನು. "ಅಂಗಡಿ ಯಾಪಾರ ಐತಲ್ಲ."

ದ್ರಾಕ್ಷಾಯಣಿ ಜಗಳಕ್ಕೆ ಬರುತ್ತಾಳೆಂದು ಕಾದೆ. ಬರಲಿಲ್ಲ. ಸೆರಗಿನ ಅಂಚು ತಿರುವುತ್ತಾ ಸಣ್ಣ ದನಿಯಲ್ಲಿ ಹೇಳಿದಳು: "ಹತ್ತು ವರ್ಷದಾಗ ಎಷ್ಟು ಸಾವಿರ ರೊಟ್ಟಿ ಬಡದೇವೋ ಏನೋ. ತಿಂದಾವರು ಒಬ್ಬರರ ‘ಇದನ್ನ ಯಾರ ಮಾಡ್ಯಾರ’ ಅಂತ ಕೇಳ್ಯಾರೇನ್ರಿ? ಒಮ್ಮೆ ಕೇಳಬೇಕು. ‘ನಾ ಮಾಡೇನಿ’ ಅಂತ ಅವರ ಮಾರಿ ನೋಡಿ ಹೇಳಬೇಕು. ಅಷ್ಟ."

ನನಗೆ ನಿಜವಾಗಿಯೂ ಅವಳ ಆಸೆ ತೀರಿಸಬೇಕೆನ್ನಿಸಿತು. ಜೊತೆಗೆ ಬೇರೊಂದು ಆಸೆಯೂ ಎದ್ದಿತು. ನಾನು ಆಗಷ್ಟೇ ಧಾರವಾಡದಲ್ಲಿ ಐದು ದಿನದ ತರಬೇತಿ ಮುಗಿಸಿ ಬಂದಿದ್ದೆ. ವಿಷಯ: ಹಾಡುಗಳ ಮೂಲಕ ಇಂಗ್ಲಿಷ್ ಮಾತುಗಾರಿಕೆ. ಅಲ್ಲಿಂದ ಬಂದಾಗಿನಿಂದ ಒಂದು ಪ್ರಶ್ನೆ ನನ್ನ ತಲೆಯೊಳಗೆ ಕೂತುಬಿಟ್ಟಿತ್ತು. ‘ಮೈ ನೇಮ್ ಈಸ್’ ಎನ್ನುವಷ್ಟರಲ್ಲಿ ಬೆವರುವ ಹುಡುಗ ಅರ್ಥವೇ ತಿಳಿಯದ ಹಿಂದಿ ಹಾಡನ್ನು ಒಂದಕ್ಷರ ತಪ್ಪದೆ ಹಾಡುತ್ತಾನಲ್ಲ, ಆಗ ಅವನ ನಾಲಿಗೆಯ ಗಂಟು ಎಲ್ಲಿಗೆ ಹೋಗಿರುತ್ತದೆ? ಬಸ್ಸಿನಲ್ಲಿ ಕೂತಾಗ, ಸ್ನಾನ ಮಾಡುವಾಗ, ಕೊನೆಗೆ ಊಟದ ನಡುವೆಯೂ ಇದೇ ಯೋಚನೆ. ಸಾರಿಗೆ ಉಪ್ಪು ಹಾಕಿಲ್ಲವೆಂಬುದೂ ನನಗೆ ತಿಳಿದಿರಲಿಲ್ಲ ಎಂದರೆ ನನ್ನ ಜ್ಞಾನದಾಹ ಎಂಥದೆಂದು ನೀವೇ ಊಹಿಸಿ.

"ಆತು, ಕಲಸ್ತೇನಿ," ಎಂದೆ. ಎರಡನೆಯ ಬಿಸ್ಕೀಟನ್ನೂ ತಿಂದೆ.

ತರಬೇತಿಯಲ್ಲಿ ಕೊಟ್ಟ ಹಾಡುಗಳು ಹಿಮದ ಮೇಲೆ, ಕುರಿಮರಿಗಳ ಮೇಲೆ ಇದ್ದವು. ಹಿಮಕ್ಕೂ ಹಳಿಯಾಳಕ್ಕೂ ಏನು ಸಂಬಂಧ? ನಮ್ಮ ಹೆಂಗಸರಿಗೆ ಹುಟ್ಟಿನಿಂದ ಬಂದ ಹಾಡೆಂದರೆ ಭಜನೆ. ಪ್ರತಿ ಸೋಮವಾರ ಮಠದಲ್ಲಿ ಮೂವರೂ ತಾಳ ಹಿಡಿದು ಕೂರುವವರೇ. ಹಾಗಾಗಿ ನಾನೇ ಸ್ವತಃ ವಾಗ್ಗೇಯಕಾರನಾಗಿ ರೊಟ್ಟಿ, ಚಟ್ನಿ, ಎಣ್ಣೆಗಾಯಿಗಳ ಮೇಲೆ ಇಂಗ್ಲಿಷ್ ಭಜನೆ ಕಟ್ಟಿದೆ. ಎದುರಿಗೆ ಮೂವರನ್ನೂ ಕೂರಿಸಿಕೊಂಡು ಕಣ್ಣುಮುಚ್ಚಿ ಎತ್ತಿಕೊಂಡೆ:

"ವಾಟ್ ಈಸ್ ದಿಸ್?"

ಮೂವರೂ ತಾಳ ಹಾಕಿ ಎತ್ತಿದರು: "ವಾಟ್ ಈಸ್ ದಿಸ್?"

"ದಿಸ್ ಈಸ್ ರೊಟ್ಟಿ!"

"ದಿಸ್ ಈಸ್ ರೊಟ್ಟಿ!"

ಆಹಾ! ಒಂದೇ ವಾರದಲ್ಲಿ ಹದಿನಾಲ್ಕು ವಾಕ್ಯ ಬಾಯಿಗೆ ಬಂದವು. ಹೆಬ್ಬೆಟ್ಟಿನ ಕಾಶೆವ್ವಕ್ಕ ‘ಬ್ರಿಂಜಾಲ್’ ಎಂದು ಎಳೆದರೆ ನನ್ನ ಹತ್ತನೆಯ ತರಗತಿಯ ಮೊದಲ ಬೆಂಚಿನವರು ನಾಚಬೇಕು. ನಾನು ಒಂದು ನೋಟುಬುಕ್ಕನ್ನೇ ತೆಗೆದು ‘ಶೇಖಪ್ಪ ಪದ್ಧತಿ’ ಎಂದು ಮೇಲೆ ಬರೆದು ದಿನವೂ ಟಿಪ್ಪಣಿ ಮಾಡತೊಡಗಿದೆ. ಒಂದು ಸಣ್ಣ ಕೊರತೆ ಮಾತ್ರ ಕಂಡಿತು.

"ಮಾಲವ್ವಾ, ಈಗ ರಾಗ ಬಿಟ್ಟು ಸುಮ್ಮನ ಹೇಳು, ನೋಡೂಣು," ಎಂದೆ ಒಂದು ದಿನ.

ಮಾಲವ್ವ ಬಾಯಿ ತೆರೆದಳು, ಮುಚ್ಚಿದಳು. "ರಾಗ ಬಿಟ್ಟು ಹೆಂಗ್ರಿ ಸರ? ಸೀರಿ ಉಡಲಾರದ ಸಂತಿಗೆ ಹೋದಂಗ ಆಕ್ಕೈತಿ," ಎಂದಳು.

ಇದನ್ನೂ ಕುತೂಹಲದಿಂದ ಬರೆದುಕೊಂಡೆ. ಆದರೆ ದ್ರಾಕ್ಷಾಯಣಿ ಅಷ್ಟಕ್ಕೇ ಬಿಡಲಿಲ್ಲ.

"ಅಲ್ರೀ, ನೀವು ಅಂದದ್ದನ್ನ ನಾವು ಅನ್ನಾಕ ಹತ್ತೇವಿ. ನಾಳೆ ಆ ಮೇಡಂ ಕೇಳಿದ್ರ ಉತ್ತರ ಹೆಂಗ ಕೊಡೂದು?"

"ಇಲ್ಲಿ ಕೇಳ. ಮಾಸ್ತರ ನೀನೋ ನಾನೋ?"

"ನೀವ."

"ಧಾರವಾಡಕ್ಕ ಹೋಗಿ ಕಲ್ತು ಬಂದಾವರು?"

"ನೀವ. ಉತ್ತರದ್ದೇನಾತು ಅಂತ ಕೇಳೇನಿ."

"ಹಾಡು ಒಳಗ ಇಳದಮ್ಯಾಲೆ ಮಾತು ತಾನ ಹೊರಗ ಬರ್ತೈತಿ," ಎಂದು ತರಬೇತಿಯ ಕೊನೆಯ ದಿನ ಕೇಳಿದ್ದನ್ನು ಗಂಭೀರವಾಗಿ ಹೇಳಿದೆ. ಅವಳು ಒಲೆಗೆ ಇನ್ನೊಂದು ಕಟ್ಟಿಗೆ ತುರುಕಿದಳು.

ಪರೀಕ್ಷೆಯ ದಿನ ಬಂತು. ಮಧ್ಯಾಹ್ನ ಹನ್ನೆರಡಕ್ಕೆ ಅನಮೋಡ ಘಾಟು ಹತ್ತಿ ಬಂದ ಕಾರು ನಮ್ಮ ಬಾಗಿಲಲ್ಲಿ ನಿಂತಿತು. ಮೇಡಂ ಕೂದಲು ನೆರೆತ, ಕಣ್ಣಲ್ಲಿ ನಗುವಿದ್ದ ಹೆಂಗಸು. ಕನ್ನಡ ಒಂದಕ್ಷರ ಬರುವುದಿಲ್ಲ. ಜೊತೆಗೆ ಕಿರಣಕುಮಾರ. ಹಿತ್ತಲಲ್ಲಿ ಇಬ್ಬರಿಗೂ ಕುರ್ಚಿ ಹಾಕಿಸಿದೆ. ನಮ್ಮ ಮೂವರು ಒಳ್ಳೆಯ ಇಳಕಲ್ ಸೀರೆ ಉಟ್ಟು, ತಾಳಗಳನ್ನು ಮಗ್ಗುಲಲ್ಲಿಟ್ಟುಕೊಂಡು ಸಾಲಾಗಿ ಕೂತಿದ್ದರು. (ತಾಳ ಬೇಡ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ನನ್ನ ಪದ್ಧತಿಯ ಪೂರ್ಣವೈಭವ ಅವರಿಗೆ ಕಾಣಲಿ ಎಂಬ ಹಂಬಲ.)

ಮೇಡಂ ಒಂದು ಬಿಸಿರೊಟ್ಟಿ ಮುರಿದು ಎಣ್ಣೆಗಾಯಿಯಲ್ಲಿ ಅದ್ದಿ ಬಾಯಿಗಿಟ್ಟುಕೊಂಡರು. ಅಗಿಯುವುದನ್ನು ಅರ್ಧಕ್ಕೆ ನಿಲ್ಲಿಸಿ ಕಣ್ಣರಳಿಸಿದರು. ಆಮೇಲೆ ನೇರವಾಗಿ ದ್ರಾಕ್ಷಾಯಣಿಯ ಮುಖ ನೋಡಿ ಕೇಳಿದರು: "ಹೂ ಮೇಡ್ ದಿಸ್?"

ಅದೇ ಪ್ರಶ್ನೆ! ಹತ್ತು ವರ್ಷದಿಂದ ನನ್ನ ಹೆಂಡತಿ ಕಾದಿದ್ದ ಪ್ರಶ್ನೆ! ನನ್ನ ಕೈಗಳು ತಾವಾಗಿಯೇ ಜೋಡಿಕೊಂಡವು.

ಮೂವರೂ ಒಟ್ಟಿಗೆ ತಾಳ ಎತ್ತಿದರು.

"ಹೂ ಮೇಡ್ ದಿಸ್? ಹೂ ಮೇಡ್ ದಿಸ್?"

ಎರಡನೆಯ ಸಲ ಮೇಲಿನ ಸ್ವರದಲ್ಲಿ. ಭಜನೆಯಲ್ಲಿ ಮುಂದಿನವರು ಹೇಳಿದ್ದನ್ನು ಹಿಂದಿನವರು ಎತ್ತಿ ಹೇಳಬೇಕಲ್ಲ, ಅದು ರಕ್ತದಲ್ಲೇ ಇದೆ. ಮೇಡಂ ಬೆಚ್ಚಿದರು. "ನೋ ನೋ, ಐ ಆಮ್ ಆಸ್ಕಿಂಗ್ ಯು," ಎಂದರು.

"ನೋ ನೋ, ಐ ಆಮ್ ಆಸ್ಕಿಂಗ್ ಯು!"

"ಸ್ಟಾಪ್, ಪ್ಲೀಸ್!" ಎಂದ ಕಿರಣಕುಮಾರ ಎದ್ದು ನಿಂತು.

"ಸ್ಟಾಪ್, ಪ್ಲೀಸ್! ಸ್ಟಾಪ್, ಪ್ಲೀಸ್!" ಕಾಶೆವ್ವಕ್ಕನ ಕಣ್ಣು ಭಕ್ತಿಯಿಂದ ಮುಚ್ಚಿಹೋಗಿದ್ದವು.

ದ್ರಾಕ್ಷಾಯಣಿಯ ದನಿ ಮಾತ್ರ ನಡುವೆಯೇ ನಿಂತಿತ್ತು. ಏನಾಯಿತೆಂದು ಅವಳಿಗೆ ತಿಳಿದುಹೋಗಿತ್ತು. ತಾಳ ಕೆಳಗಿಟ್ಟು ನನ್ನನ್ನು ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ತಡೆದುಕೊಳ್ಳುತ್ತಿದ್ದೆ, ನನಗದು ರೂಢಿ. ಅವಳ ಕಣ್ಣು ತುಂಬಿದ್ದವು. ನನಗೆ ನಾಚಿಕೆಯಾಯಿತು, ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಇದೇನ್ರಿ ಸರ ಇದು?" ಎಂದ ಕಿರಣಕುಮಾರ ನನ್ನ ಕಿವಿಯ ಹತ್ತಿರ ಬಂದು. "ಮಂದಿ ಊಟಕ್ಕ ಬರ್ತಾರ್ರಿ, ಹಿಂಗ ಅಣಕ ಮಾಡಿದ್ರ ಎದ್ದ ಹೊಕ್ಕಾರ. ಹುಬ್ಬಳ್ಳಿಯಾಂವಗ ಫೋನ್ ಮಾಡ್ತೇನಿ."

ಮೇಡಂ ಕೈತೊಳೆದುಕೊಂಡು ಎದ್ದರು. ಬರಿದೇ ಹೊರಡುವುದು ಚೆನ್ನಾಗಿರುವುದಿಲ್ಲ ಎಂದೋ ಏನೋ, ಹಿತ್ತಲಿನ ಮೂಲೆಯಲ್ಲಿ ಕಟ್ಟಿಗೆ ಒಟ್ಟುತ್ತಿದ್ದ ಮುದುಕನನ್ನು ತೋರಿಸಿ ಕಾಶೆವ್ವಕ್ಕನನ್ನು ಕೇಳಿದರು: "ಯುವರ್ ಹಸ್ಬೆಂಡ್? ವಾಟ್ ಈಸ್ ಹಿಸ್ ನೇಮ್?"

ಇನ್ನೊಂದು ಸಲ ತಾಳ ಏಳುತ್ತದೆಂದು ನಾನು ಕಣ್ಣು ಮುಚ್ಚಿಕೊಂಡೆ. ಏನೂ ಕೇಳಲಿಲ್ಲ. ಕಣ್ಣು ತೆರೆದರೆ ಕಾಶೆವ್ವಕ್ಕ ಹೊಸ ಮದುಮಗಳ ಹಾಗೆ ತಲೆತಗ್ಗಿಸಿದ್ದಾಳೆ. ಮಾಲವ್ವ ಸೆರಗು ಬಾಯಿಗಿಟ್ಟುಕೊಂಡು ಅವಳ ಪಕ್ಕೆಗೆ ತಿವಿಯುತ್ತಿದ್ದಾಳೆ: "ಹಸ್ಬೆಂಡ್ ಹೆಸರ ಕೇಳಾಕತ್ತಾರ ಅಕ್ಕಾ! ಒಡಪು ಹಾಕ, ಒಡಪು!"

ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಸುಮ್ಮನೆ ಹೇಳುವುದಿಲ್ಲ. ಯಾರಾದರೂ ಕೇಳಿದರೆ ಎರಡು ಸಾಲಿನ ಪ್ರಾಸ ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳುತ್ತಾರೆ. ಅದೇ ಒಡಪು. ಅದನ್ನು ಯಾರೂ ಎತ್ತಿ ಹೇಳುವುದಿಲ್ಲ. ಒಬ್ಬಳೇ ಹೇಳಬೇಕು, ಸುತ್ತಲಿನವರು ಬಾಯಿಮುಚ್ಚಿ ಕಾಯಬೇಕು.

ಕಾಶೆವ್ವಕ್ಕ ಕೆಮ್ಮಿ ಗಂಟಲು ಸರಿಮಾಡಿಕೊಂಡಳು.

"ರೈಸ್ ಈಸ್ ವೈಟು, ಚಟ್ನಿ ಈಸ್ ರೆಡ್ಡು,
ನಾಗಲಿಂಗಪ್ಪ ಈಟಿಂಗ್ ಫೋರ್ ರೊಟ್ಟಿ, ಗೋಯಿಂಗ್ ಟು ಬೆಡ್ಡು!"

ಮೂಲೆಯಲ್ಲಿ ನಾಗಲಿಂಗಪ್ಪನ ಕೈಯಿಂದ ಕಟ್ಟಿಗೆ ಜಾರಿ ಕಾಲಮೇಲೆ ಬಿತ್ತು. ಮೇಡಂ ಮತ್ತೆ ಕುರ್ಚಿಯಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಓನ್ಲಿ ಫೋರ್?"

"ಮಾರ್ನಿಂಗ್ ಫೋರ್," ಎಂದಳು ಕಾಶೆವ್ವಕ್ಕ. "ಈವ್ನಿಂಗ್ ಸಿಕ್ಸ್!"

ನಾನು ಬೆಪ್ಪಾಗಿ ನಿಂತೆ. ಉತ್ತರ! ರಾಗವಿಲ್ಲದ, ತಾಳವಿಲ್ಲದ, ನಾನು ಕಲಿಸದ ಉತ್ತರ! ಅಷ್ಟರಲ್ಲಿ ಮಾಲವ್ವ ಯಾರೂ ಕೇಳುವ ಮೊದಲೇ ಮುಂದೆ ಸರಿದಿದ್ದಳು.

"ಮಿಲ್ಕ್ ಈಸ್ ಹಾಟು, ಕರ್ಡ್ ಈಸ್ ಕೋಲ್ಡು,
ಸಾತಪ್ಪ ಪುಟ್ಟಿಂಗ್ ಬ್ಲ್ಯಾಕ್ ಡೈ, ಬಟ್ ಹಿ ಈಸ್ ಓಲ್ಡು!"

ಈಗ ಎಲ್ಲರೂ ದ್ರಾಕ್ಷಾಯಣಿಯ ಕಡೆ ತಿರುಗಿದರು. ಮದುವೆಯಾದ ದಿನ ಅವಳು ನನ್ನ ಹೆಸರು ಹೇಳಿದ್ದು ಬಿಟ್ಟರೆ ಆಮೇಲೆ ಕೇಳಿರಲಿಲ್ಲ. ನಾನೂ ಕುತೂಹಲದಿಂದ ಕಿವಿ ನಿಮಿರಿಸಿದೆ. ಅವಳು ಕಣ್ಣೊರೆಸಿಕೊಂಡು ಎದ್ದು ನಿಂತಳು.

"ಸ್ಕೂಲ್ ಈಸ್ ಬಿಗ್ಗು, ಕಿಚನ್ ಈಸ್ ಸ್ಮಾಲು,
ಶೇಖಪ್ಪ ಸ್ಪೀಕಿಂಗ್ ಇಂಗ್ಲಿಷ್, ಓನ್ಲಿ ಟು ದ ವಾಲು!"

ಕಿರಣಕುಮಾರ ಎಷ್ಟು ನಕ್ಕನೆಂದರೆ ಹುಬ್ಬಳ್ಳಿಗೆ ಹಚ್ಚಿದ್ದ ಫೋನು ಕಟ್ಟಾಯಿತು. ಮೇಡಂ ಕಣ್ಣೊರೆಸಿಕೊಂಡು, ಎಣ್ಣೆಗಾಯಿಯ ತಟ್ಟೆಯನ್ನು ಮತ್ತೆ ಹತ್ತಿರಕ್ಕೆಳೆದುಕೊಂಡು ದ್ರಾಕ್ಷಾಯಣಿಯನ್ನು ಕೇಳಿದರು: "ಸೋ, ಹೂ ಮೇಡ್ ದಿಸ್?"

"ಐ ಮೇಡ್," ಎಂದಳು ನನ್ನ ಹೆಂಡತಿ, ಅವರ ಮುಖ ನೋಡಿ. ಎದೆಯ ಮೇಲೆ ಕೈಯಿಟ್ಟು ಇನ್ನೊಮ್ಮೆ ಹೇಳಿದಳು. "ಐ."

ಅದನ್ನು ಕೇಳಿ ನನಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಜೊತೆಗೆ ಇಷ್ಟು ದಿನ ತಲೆ ತಿಂದ ಪ್ರಶ್ನೆಯೂ ಸ್ವಲ್ಪ ಸಡಿಲವಾಯಿತು. ಹಾಡುವಾಗ ನಾಲಿಗೆಯ ಗಂಟು ಬಿಚ್ಚುವುದಿಲ್ಲ, ಹತ್ತು ಜನರ ದನಿಯಲ್ಲಿ ಅಡಗಿಕೊಳ್ಳುತ್ತದೆ ಅಷ್ಟೆ. ಎದುರಿಗಿದ್ದವರಿಗೆ ನಮ್ಮ ಉತ್ತರ ನಿಜವಾಗಿ ಬೇಕಾಗಿ, ಅವರು ಕಾದು ಕೂತಾಗ ಅದು ಬಿಚ್ಚುತ್ತದೆ. ಎಂಥ ಸಿದ್ಧಾಂತ! ನೋಟುಬುಕ್ಕು ತೆಗೆಯಲು ಜೇಬಿಗೆ ಕೈಹಾಕಿದೆ.

ಅದೇ ಹೊತ್ತಿಗೆ ಮೇಡಂ ನನ್ನ ಕಡೆ ತಿರುಗಿದರು. "ಆಂಡ್ ಯು, ಸರ್? ವಾಟ್ ಡು ಯು ಡು ಟು ಹೆಲ್ಪ್ ಯುವರ್ ವೈಫ್?"

ಪ್ರಶ್ನೆ ಪೂರ್ತಿ ಅರ್ಥವಾಯಿತು. ಕ್ರಿಯಾಪದ ಯಾವುದು, ಸರ್ವನಾಮ ಯಾವುದು, ಎಲ್ಲ ಗೊತ್ತು. ಆದರೆ ಇಪ್ಪತ್ತೆರಡು ವರ್ಷದಲ್ಲಿ ಪಾಠದ ಹಿಂದೆ ಉತ್ತರ ಅಚ್ಚಾಗಿರದ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಯಾರೂ ನನಗೆ ಕೇಳಿರಲಿಲ್ಲ. ಅಂಗೈ ಬೆವರಿತು. ಮೇಡಂ ನಿಜವಾಗಿ ಉತ್ತರ ಬೇಕೆನ್ನುವ ಹಾಗೆ ಕಾದು ಕೂತಿದ್ದರು. ನನ್ನ ಸಿದ್ಧಾಂತದ ಪ್ರಕಾರ ಗಂಟು ಬಿಚ್ಚಬೇಕಿತ್ತು. ಬಿಚ್ಚಲಿಲ್ಲ. ನಾನು ಚಪ್ಪಲಿಯ ತುದಿ ನೋಡುತ್ತಾ ನಿಂತೆ.

ದ್ರಾಕ್ಷಾಯಣಿ ನನ್ನ ಮಗ್ಗುಲಿಗೆ ಬಂದು ನಿಂತಳು.

"ಹಿ ಈಸ್ ಶೈ, ಮೇಡಂ," ಎಂದಳು ಸಲೀಸಾಗಿ. "ಡೋಂಟ್ ವರಿ. ಐ ವಿಲ್ ಟೀಚ್ ಹಿಮ್."

ಈಗ ಶನಿವಾರ ಭಾನುವಾರ ಮೂವರೂ ರಿಸಾರ್ಟಿನ ಜೀಪಿನಲ್ಲಿ ಹೋಗುತ್ತಾರೆ. ಉಳಿದ ದಿನ ಸಂಜೆ ಆರಕ್ಕೆ ಹಿತ್ತಲಿನ ಶೆಡ್ಡಿನಲ್ಲಿ ನನಗೆ ಕ್ಲಾಸು. ಬೆಳ್ಳುಳ್ಳಿ ಸುಲಿಯುತ್ತಾ ಕೇಳಿದ್ದಕ್ಕೆ ಉತ್ತರ ಹೇಳಬೇಕು. ಮೊದಲನೆಯ ದಿನ ಹತ್ತು ನಿಮಿಷ ತಡವಾಗಿ ಹೋಗಿ ಬಾಗಿಲಲ್ಲಿ ನಿಂತು, "ಮೇ ಐ ಕಮ್ ಇನ್?" ಎಂದೆ, ಉಚ್ಚಾರದಲ್ಲಿ ಕಿಂಚಿತ್ತೂ ಕೊರತೆಯಿಲ್ಲದೆ.

ಕಾಶೆವ್ವಕ್ಕ ತಲೆಯೆತ್ತಿ ನೋಡಿದಳು. "ಅದು ಪುಸ್ತಕದಾಂದು ಮಾಸ್ತರಪ್ಪಾ," ಎಂದಳು. "ನಿನ್ನ ಸ್ವಂತದ್ದ ಒಂದ ಹೇಳು. ಅಲ್ಲೀತನಕ ಹೊರಗ ನಿಂದರ."